ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದೋರಿಗೆ: ಇಲ್ಲಿ ಪರಿಚಯ, ಸ್ನೇಹ ಬೆಳೆಯೋದು ಹೇಗೆ

ಮನೆ ವಿಳಾಸದ ರಿಜಿಸ್ಟ್ರೇಷನ್, ಬ್ಯಾಂಕ್ ಅಕೌಂಟ್, ಹೆಲ್ತ್ ಇನ್ಶೂರೆನ್ಸ್ ಎಲ್ಲ ಹೇಗೋ ಆಗಿಬಿಡುತ್ತೆ, ಅದಕ್ಕೆ ಹೇಳಿಕೊಡೋರು ಬೇಕಾದಷ್ಟು ಜನ ಇದ್ದಾರೆ. ಆಮೇಲೆ ಶುರುವಾಗೋ ವಿಷಯಾನ ಮಾತ್ರ ಯಾರೂ ಹೇಳಲ್ಲ. ಮೂರ್ನಾಲ್ಕು ತಿಂಗಳಾಗಿರುತ್ತೆ, ಪಕ್ಕದ ಮನೆಯೋರ ಹೆಸರನ್ನ ಬೆಲ್ ಪಕ್ಕದ ಬೋರ್ಡಲ್ಲಿ ಓದಿದ್ದು ಬಿಟ್ರೆ ಅವರ ಮುಖ ಕೂಡ ಸರಿಯಾಗಿ ನೋಡಿರಲ್ಲ, "ಇಲ್ಲಿ ಜನ ಮಾತೇ ಆಡಲ್ಲ ಕಣ್ರೀ" ಅಂತ ನಮ್ಮ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಬಂದ ಹೊಸ ಕುಟುಂಬದವರು ಬೇಜಾರಲ್ಲಿ ಹೇಳ್ತಾರೆ. ಖಂಡಿತ ಮಾತಾಡ್ತಾರೆ. ಆದ್ರೆ ನಮ್ಮಲ್ಲಿ ಸಂಬಂಧ ಸಲುಗೆಯಿಂದ ಬೆಳೆಯುತ್ತೆ, ಇಲ್ಲಿ ಹೇಳಿದ ಮಾತು, ಹೇಳಿದ ಟೈಮು ಉಳಿಸಿಕೊಳ್ಳೋದ್ರಿಂದ ಬೆಳೆಯುತ್ತೆ. ಇದೊಂದು ತಲೇಲಿ ಇಟ್ಕೊಂಡ್ರೆ ಮುಂದಿಂದೆಲ್ಲ ಅರ್ಥ ಆಗುತ್ತೆ.

ಮೊದಲು ಪಕ್ಕದ ಮನೆ

ಊರಲ್ಲಿ ಹೊಸಬರು ಬಂದ್ರೆ ಅಕ್ಕಪಕ್ಕದೋರೇ ಬಂದು "ಎಲ್ಲಿಂದ ಬಂದ್ರಿ, ಹಾಲು ಉಕ್ಕಿಸಿದ್ರಾ, ಏನಾದ್ರೂ ಬೇಕಿದ್ರೆ ಕೇಳಿ" ಅಂತಾರೆ. ಇಲ್ಲಿ ಉಲ್ಟಾ. ಹೊಸದಾಗಿ ಬಂದೋರೇ ಹೋಗಿ ಬೆಲ್ ಮಾಡಿ ಪರಿಚಯ ಹೇಳ್ಕೋಬೇಕು. ಅವರು ಬರ್ಲಿಲ್ಲ ಅಂದ್ರೆ ನೀವು ಇಷ್ಟ ಇಲ್ಲ ಅಂತಲ್ಲ, ನಿಮಗೆ ತೊಂದರೆ ಕೊಡಬಾರದು ಅಂತ. ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೋ ಸಂಜೆ ನಾಲ್ಕೈದಕ್ಕೋ ಹೋಗಿ, ನಾಲ್ಕು ವಾಕ್ಯ ಜರ್ಮನ್ ಬಾಯಿಪಾಠ ಮಾಡ್ಕೊಂಡಿದ್ರೂ ಸಾಕು, ಮಕ್ಕಳನ್ನ ಕರ್ಕೊಂಡು ಹೋಗಿ. ಬಾಗಿಲಲ್ಲೇ ಐದು ನಿಮಿಷ ಮಾತಾಡಿ ಕಳಿಸ್ತಾರೆ, ಒಳಗೆ ಕರೀಲಿಲ್ಲ ಅಂತ ಮನಸ್ಸಿಗೆ ಹಚ್ಕೋಬೇಡಿ. ಏನಾದ್ರೂ ಕೊಡೋದಿದ್ರೆ ಚಕ್ಲಿ, ಕೋಡುಬಳೆ ಥರದ್ದು ಒಳ್ಳೇದು, ನಮ್ಮ ಸ್ವೀಟ್ ತುಂಬ ಜನಕ್ಕೆ ಅತಿಯಾಗುತ್ತೆ, ಕಡಲೆಕಾಯಿ ಗೋಡಂಬಿ ಹಾಕಿದ್ರೆ ಮೊದಲೇ ಹೇಳಿ. ಡಬ್ಬಿ ತೊಳೆದು ಖಾಲಿಯಾಗೇ ವಾಪಸ್ ಬರುತ್ತೆ. ಖಾಲಿ ಡಬ್ಬಿ ಕೊಡಬಾರದು ಅನ್ನೋದು ನಮ್ಮನೆ ಪದ್ಧತಿ, ಅವರಿಗೆ ಹೊಳೆಯೋದೂ ಇಲ್ಲ, ಬೇಗ ತೊಳೆದು ವಾಪಸ್ ಕೊಡೋದೇ ಅವರ ಮರ್ಯಾದೆ.

ಇನ್ನು ಕೇರ್‌ವೋಖೆ. ಇದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ಈ ಶ್ವಾಬಿಯಾ ಭಾಗದಲ್ಲಿ ನೆರೆಹೊರೆ ಸಂಬಂಧ ಕೆಡೋದೂ ಇದ್ರಿಂದಾನೇ, ಸರಿಹೋಗೋದೂ ಇದ್ರಿಂದಾನೇ. ಒಂದು ಬಿಲ್ಡಿಂಗಲ್ಲಿ ಇರೋ ಮನೆಯೋರು ವಾರಕ್ಕೊಬ್ಬರ ಹಾಗೆ ಸರದಿ ಮೇಲೆ ಮೆಟ್ಟಿಲು, ಕಾಮನ್ ಜಾಗ ಗುಡಿಸಿ ಒರೆಸಬೇಕು. ಎಷ್ಟೋ ಕಡೆ ಒಂದು ಸಣ್ಣ ಬೋರ್ಡ್ ಇರುತ್ತೆ, ಅದು ನಿಮ್ಮ ಬಾಗಿಲಿಗೆ ನೇತಾಡ್ತಿದ್ರೆ ಈ ವಾರ ನಿಮ್ಮದು. ಮುಗಿಸಿ ಮುಂದಿನೋರ ಬಾಗಿಲಿಗೆ ಹಾಕಬೇಕು. ಬಿಲ್ಡಿಂಗ್ ಮುಂದಿನ ಫುಟ್‌ಪಾತ್, ಚಳಿಗಾಲದಲ್ಲಿ ಹಿಮ ತೆಗೆಯೋದು ಕೂಡ ನಿಮ್ಮ ಪಾಲಿಗೆ ಇರಬಹುದು, ಬಾಡಿಗೆ ಅಗ್ರಿಮೆಂಟಲ್ಲಿ ನೋಡ್ಕೊಳ್ಳಿ. ಮೆಟ್ಟಿಲು ಕ್ಲೀನಾಗೇ ಇದೆಯಲ್ಲ ಅಂತ ಬಿಡಬೇಡಿ. ಒರೆಸಿದ್ದು ಕಾಣಬೇಕು. ನೀವು ಎಷ್ಟು ಒಳ್ಳೆ ಸ್ವಭಾವದೋರಾದ್ರೂ, ಎಷ್ಟು ಚಕ್ಲಿ ಕೊಟ್ಟಿದ್ರೂ ಸರದಿ ತಪ್ಪಿಸಿದ್ರೆ ಕೆಳಗಿನ ಮನೆ ಅಜ್ಜಿ ಮುಖ ತಿರುಗಿಸ್ತಾರೆ. ಊರಿಗೆ ನಾಲ್ಕು ವಾರ ಹೋಗ್ತಿದ್ದೀರಾ? ಮುಂಚೇನೇ ಹೋಗಿ "ನನ್ನ ವಾರ ನೀವು ಮಾಡ್ತೀರಾ, ಬಂದ ಮೇಲೆ ನಿಮ್ಮದು ನಾನು ಮಾಡ್ತೀನಿ" ಅಂತ ಕೇಳಿ. ಹೀಗೆ ಕೇಳೋಕೆ ಸಂಕೋಚ ಬೇಡ, ನಿಜವಾದ ಪರಿಚಯ ಶುರುವಾಗೋದೇ ಇಲ್ಲಿಂದ, ಆಮೇಲೆ ಅವರ ಪಾರ್ಸೆಲ್ ನೀವು ಇಸ್ಕೊಳ್ಳೋದು, ನಿಮ್ಮ ಗಿಡಕ್ಕೆ ಅವರು ನೀರು ಹಾಕೋದು, ಒಂದಿನ ಮನೆ ಕೀ ಕೈಗೆ ಕೊಡೋದು, ಹೀಗೇ ಮುಂದುವರಿಯುತ್ತೆ.

ಸದ್ದಿನ ವಿಷಯ ಚಿಕ್ಕದಾಗಿ: ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ, ಮತ್ತೆ ಭಾನುವಾರ ಇಡೀ ದಿನ ಶಾಂತವಾಗಿರಬೇಕು. ದೋಸೆ ಹಿಟ್ಟು ಶನಿವಾರ ಹಗಲು ಹೊತ್ತಲ್ಲೇ ರುಬ್ಬಿಟ್ಕೊಳ್ಳಿ. ಮನೇಲಿ ಫಂಕ್ಷನ್ ಇದ್ರೆ ಎರಡು ದಿನ ಮುಂಚೆ ಮೆಟ್ಟಿಲ ಹತ್ರ ಚೀಟಿ ಅಂಟಿಸಿ, ಎಷ್ಟು ಗಂಟೆಗೆ ಮುಗಿಯುತ್ತೆ ಅಂತ ಬರೆದು.

ಕರೆದ್ರೆ, ಕರೆಸಿಕೊಂಡ್ರೆ

"ಒಂದಿನ ಮನೆಗೆ ಬನ್ನಿ" ಅನ್ನೋ ಮಾತು ನಮ್ಮಲ್ಲಿ ಪ್ರೀತಿಗೆ ಹೇಳೋದು. ಇಲ್ಲಿ ಹೇಳಿದ್ರೆ ಡೈರಿ ತೆಗೆದು ಯಾವ ದಿನ ಅಂತ ಕೇಳ್ತಾರೆ, ಎಷ್ಟೋ ಸಲ ಮೂರು ವಾರ ಆಚೆಯ ದಿನ ಸಿಗುತ್ತೆ. ಅದು ನಿಮ್ಮನ್ನ ದೂರ ಇಡೋದಲ್ಲ, ಆ ದಿನ ನಿಮಗೋಸ್ಕರ ಅಂತ ಎತ್ತಿಟ್ರು ಅಂತ ಅರ್ಥ. ಹಾಗಾಗಿ ಹೋಗಬೇಕು, ಟೈಮಿಗೆ ಹೋಗಬೇಕು, ಹದಿನೈದು ನಿಮಿಷ ಲೇಟಾದ್ರೂ ಮೆಸೇಜ್ ಹಾಕಬೇಕು. ಮೂರೂವರೆ ನಾಲ್ಕಕ್ಕೆ ಕಾಫಿಗೆ ಅಂತ ಕರೆದ್ರೆ ಕಾಫಿ ಕೇಕ್ ಅಷ್ಟೇ, ರಾತ್ರಿ ಊಟ ಇರುತ್ತೆ ಅಂತ ಕೂತ್ಕೋಬೇಡಿ.

ಊಟದ ವಿಷಯದಲ್ಲಿ ನಮ್ಮೋರು ತುಂಬ ಜನ ಹಸ್ಕೊಂಡು ಮನೆಗೆ ಬಂದಿದ್ದಾರೆ. "ಇನ್ನೂ ಸ್ವಲ್ಪ?" ಅಂತ ಒಂದು ಸಲ ಕೇಳ್ತಾರೆ. ನಾವು ಅಭ್ಯಾಸಬಲದಿಂದ "ಬೇಡ ಬೇಡ" ಅಂತೀವಿ, ಮತ್ತೆ ಒತ್ತಾಯ ಮಾಡ್ತಾರೆ ಅಂತ ಕಾಯ್ತೀವಿ, ಅಷ್ಟೊತ್ತಿಗೆ ಪಾತ್ರೆ ಎತ್ತಿಟ್ಟಾಗಿರುತ್ತೆ. ಬೇಕಿದ್ರೆ ಬೇಕು ಅನ್ನಿ. ಅದೇ ರೀತಿ ನಿಮ್ಮನೆಗೆ ಅವರು ಬಂದಾಗ ಸಾಕು ಅಂದ್ರೆ ಸಾಕೇ, ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿಬಿಟ್ರೆ ಅವರು ಕಷ್ಟಪಟ್ಟು ತಿಂತಾರೆ, ಯಾಕಂದ್ರೆ ತಟ್ಟೇಲಿ ಬಿಡೋದು ಅವರಿಗೂ ಸರಿ ಅನ್ಸಲ್ಲ. ತಂದ ಗಿಫ್ಟನ್ನ ಅವರ ಎದುರೇ ಬಿಚ್ಚಿ ನೋಡಿ, ಒಳಗೆ ಎತ್ತಿಟ್ರೆ ಇಷ್ಟ ಆಗ್ಲಿಲ್ಲ ಅಂದ್ಕೋತಾರೆ. ಮಕ್ಕಳ ಬರ್ತ್‌ಡೇ ಕಾರ್ಡಲ್ಲಿ ಮುಗಿಯೋ ಟೈಮೂ ಬರೆದಿರುತ್ತೆ, ಬಿಟ್ಟು ಬಂದು ಆ ಟೈಮಿಗೆ ಕರ್ಕೊಂಡು ಬರೋದು. ಬರ್ತ್‌ಡೇ ವಿಷ್ ಒಂದು ದಿನ ಮುಂಚೆ ಮಾತ್ರ ಹೇಳಲೇಬೇಡಿ, ಅಪಶಕುನ ಅಂತ ನಂಬ್ತಾರೆ, ಲೇಟಾದ್ರೆ ಪರವಾಗಿಲ್ಲ. ಆಫೀಸಲ್ಲಿ ನಿಮ್ಮ ಬರ್ತ್‌ಡೇ ಇದ್ರೆ ಕೇಕ್ ನೀವೇ ತರಬೇಕು.

ಹೊರಗೆ ನೀವು–ನೀನು ವ್ಯತ್ಯಾಸ ನಮ್ಮ ಹಾಗೇ ಇದೆ, ದೊಡ್ಡೋರು "ನೀನು ಅಂತಾನೇ ಕರಿ" ಅನ್ನೋ ತನಕ ಕಾಯಿರಿ. ಡಾಕ್ಟರ್ ವೇಯ್ಟಿಂಗ್ ರೂಮಿಗೆ ಹೋದಾಗ ಕೂತಿರೋ ಎಲ್ಲರಿಗೂ ಸೇರಿಸಿ ಒಂದು "ಗ್ರ್ಯೂಸ್ ಗಾಟ್" (ಇಲ್ಲಿನ ನಮಸ್ಕಾರ) ಹೇಳಿ. ಸಂಬಳ, ಬಾಡಿಗೆ, ಮದುವೆ, "ಇನ್ನೂ ಮಕ್ಕಳಾಗಿಲ್ವಾ" ಇವನ್ನ ಕೇಳಬೇಡಿ (ಹಾಗೆ ನೋಡಿದ್ರೆ ನಮ್ಮ ಸಂಘದಲ್ಲೂ ಕೇಳಬೇಡಿ, ಜಾತಿಯಂತೂ ಬೇಡವೇ ಬೇಡ). ಅವರು ಮೀಟಿಂಗಲ್ಲಿ "ಇದು ಸರಿ ಇಲ್ಲ" ಅಂತ ಮುಖಕ್ಕೆ ಹೇಳಿದ್ರೆ ಕೆಲಸದ ಬಗ್ಗೆ ಹೇಳಿದ್ದು, ಅರ್ಧ ಗಂಟೆ ಬಿಟ್ಟು ಅವರೇ ನಿಮ್ಮನ್ನ ಊಟಕ್ಕೆ ಕರೀತಾರೆ.

ಸ್ನೇಹ ಬೇಕಂದ್ರೆ ಫೆರೈನ್

ಇಲ್ಲಿನೋರ ಆಪ್ತ ಸ್ನೇಹಿತರು ಹೆಚ್ಚಾಗಿ ಸ್ಕೂಲು, ಕಾಲೇಜು ದಿನದೋರು, ಅಥವಾ ಯಾವುದಾದ್ರೂ ಫೆರೈನ್‌ನೋರು, ಅಂದ್ರೆ ನೋಂದಣಿ ಆದ ಸಂಘದೋರು. ಏಳು ಜನ ಸೇರಿದ್ರೆ ಒಂದನ್ನ ನೋಂದಾಯಿಸಬಹುದು, ದೇಶದಲ್ಲಿ ಅಂಥವು 6 ಲಕ್ಷಕ್ಕೂ ಹೆಚ್ಚಿವೆ. ಫುಟ್ಬಾಲು, ಹಾಡು, ಬೆಟ್ಟ ಹತ್ತೋದು, ತೋಟ, ಸ್ವಯಂಸೇವಕ ಅಗ್ನಿಶಾಮಕ ದಳ, ಏನು ಬೇಕೋ ಅದು. ಹೊಸಬರ ಜೊತೆ ರಸ್ತೇಲಿ ಮಾತು ಬೆಳೆಸದ ಮನುಷ್ಯ ಅದೇ ಹೊಸಬರ ಜೊತೆ ಪ್ರತಿ ಮಂಗಳವಾರ ಬ್ಯಾಡ್ಮಿಂಟನ್ ಆಡಿ ಆಡಿ ಎರಡನೇ ವರ್ಷಕ್ಕೆ ಮನೆ ಶಿಫ್ಟಿಂಗಿಗೆ ವ್ಯಾನ್ ತಂದು ನಿಲ್ಲಿಸ್ತಾನೆ. ನಿಧಾನ ನಿಜ, ಆದ್ರೆ ಹಾಗೆ ಆದ ಸ್ನೇಹ ಊರು ಬದಲಾದ್ರೂ ಉಳಿಯುತ್ತೆ. ಒಂದು ಫೆರೈನ್ ಸಾಕು, ಆದ್ರೆ ವಾರ ತಪ್ಪಿಸಬೇಡಿ, ಕುರ್ಚಿ ಜೋಡಿಸೋಕೆ ಜನ ಬೇಕು ಅಂದಾಗ ಮೊದಲು ಕೈ ಎತ್ತಿ.

ಮಾತು ಶುರು ಮಾಡೋಕೆ ಏನು ಹೇಳೋದು ಅಂತ ಗೊತ್ತಾಗದಿದ್ರೆ, ನಮ್ಮತ್ರ ಒಂದು ಒಳ್ಳೆ ವಿಷಯ ಇದೆ. ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ"ವನ್ನ 1843ರಲ್ಲಿ ತಂದ ಹರ್ಮನ್ ಮೊಗ್ಲಿಂಗ್ ಈ ಭಾಗದ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿದೋರು, ತೀರಿಕೊಂಡಿದ್ದು ಇಲ್ಲೇ ಪಕ್ಕದ ಎಸ್ಲಿಂಗನ್‌ನಲ್ಲಿ. 1894ರ ನಮ್ಮ ದೊಡ್ಡ ನಿಘಂಟಿನ ಫರ್ಡಿನೆಂಡ್ ಕಿಟೆಲ್ ಕೊನೆಗಾಲ ಕಳೆದಿದ್ದು ಟ್ಯೂಬಿಂಗನ್‌ನಲ್ಲಿ, ಸಮಾಧಿನೂ ಅಲ್ಲೇ ಇದೆ, ಟ್ರೈನಲ್ಲಿ ಒಂದು ಗಂಟೆ ದಾರಿ. ಇಲ್ಲಿಯ ಎಷ್ಟೋ ಜನಕ್ಕೇ ಇದು ಗೊತ್ತಿಲ್ಲ, ಹೇಳಿದ್ರೆ ಖುಷಿಯಿಂದ ಕೇಳ್ತಾರೆ.

ಮನೇಲಿ ಒಬ್ಬರೇ ಇರೋರಿಗೆ

ಸಂಗಾತಿ ಕೆಲಸಕ್ಕೆ ಅಂತ ಜೊತೆಗೆ ಬಂದು ದಿನವಿಡೀ ಮನೇಲಿ ಇರೋರ ಬಗ್ಗೆ ನಮಗೆ ಹೆಚ್ಚು ಕಾಳಜಿ. ಊರಿಗೆ ದಿನಕ್ಕೆ ಮೂರು ಸಲ ಫೋನು, ಮಿಕ್ಕಿದ್ದು ಸೀರಿಯಲ್ಲು, ನವೆಂಬರಲ್ಲಿ ಸಂಜೆ ಐದಕ್ಕೆ ಕತ್ತಲು, ಇದು ಮನಸ್ಸನ್ನ ಒಳಗೊಳಗೇ ಕುಗ್ಗಿಸುತ್ತೆ. ಅಮ್ಮನಿಗೆ ಫೋನ್ ಮಾಡಿ, ಆದ್ರೆ ಒಂದು ಟೈಮ್ ಇಟ್ಕೊಳ್ಳಿ, ಊರು ನಮಗಿಂತ ಬೇಸಿಗೇಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದೆ, ನಮ್ಮ ಮಧ್ಯಾಹ್ನದ ಊಟದ ಹೊತ್ತು ಇಬ್ಬರಿಗೂ ಅನುಕೂಲ. ಬೆಳಗಿನ ಹೊತ್ತು ಫೋಲ್ಕ್ಸ್‌ಹೋಖ್‌ಶೂಲೆಯ (ದೊಡ್ಡೋರಿಗೆ ಕ್ಲಾಸ್ ನಡೆಸೋ ಸಾರ್ವಜನಿಕ ಶಿಕ್ಷಣ ಕೇಂದ್ರ) ಜರ್ಮನ್ ಕ್ಲಾಸಿಗೆ ಸೇರಿ, ಅಲ್ಲಿ ಟರ್ಕಿ, ಉಕ್ರೇನ್, ಸಿರಿಯಾ ಕಡೆಯೋರು ನಿಮ್ಮ ಹಾಗೇ ಒಂಟಿಯಾಗಿ ಬಂದಿರ್ತಾರೆ, ಅವರ ಸ್ನೇಹ ಬೇಗ ಆಗುತ್ತೆ. ಮಗುವನ್ನ ಕೀಟಾಗೆ, ಅಂದ್ರೆ ಇಲ್ಲಿನ ಶಿಶುವಿಹಾರಕ್ಕೆ ಸೇರಿಸಿದಾಗ ಮೊದಲ ಕೆಲವು ವಾರ ಮಗು ಹೊಂದಿಕೊಳ್ಳೋ ತನಕ ಅಪ್ಪನೋ ಅಮ್ಮನೋ ಜೊತೆಗೆ ಇರಬೇಕಾಗುತ್ತೆ, ಆ ಟೈಮಲ್ಲಿ ಬೇರೆ ಅಮ್ಮಂದಿರ ನಂಬರ್ ತಗೊಳ್ಳಿ. ಬ್ಲೂ ಕಾರ್ಡ್ (ಓದಿ ಕೆಲಸಕ್ಕೆ ಬಂದೋರಿಗೆ ಕೊಡೋ ವಾಸದ ಪರ್ಮಿಟ್) ಇರೋರ ಗಂಡ ಅಥವಾ ಹೆಂಡ್ತಿಗೆ ಇಲ್ಲಿ ಕೆಲಸ ಮಾಡೋ ಹಕ್ಕಿದೆ, ಅದನ್ನೂ ಮರೀಬೇಡಿ. ಕ್ಲಾಸಿಗೆ ಮೊದಲ ದಿನ ಒಬ್ಬರೇ ಹೋಗೋಕೆ ಹಿಂಜರಿಕೆ ಇದ್ರೆ ಸಂಘದ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿ, ಯಾರಾದ್ರೂ ಒಬ್ಬರು ನಿಮ್ಮ ಜೊತೆ ಬರ್ತೀವಿ.