ಬೆಲೆ ಅಂಗಡಿಯವರ ಕರೆನ್ಸಿಯಲ್ಲೇ ಇರಲಿ

ಹೊಸದಾಗಿ ಪರದೇಶಕ್ಕೆ ಬಂದವರಿಗೆ ಮೊದಲ ಕೆಲವು ತಿಂಗಳು ಬ್ಯಾಂಕ್ ಸ್ಟೇಟ್‌ಮೆಂಟ್ ಓದುವಷ್ಟು ಪುರುಸೊತ್ತು ಇರುವುದಿಲ್ಲ. ನನಗೂ ಇರಲಿಲ್ಲ. ಇನ್ನೊಂದು ದೇಶದ ಆನ್‌ಲೈನ್ ಅಂಗಡಿಯಿಂದ ಪುಸ್ತಕ, ಬೂಟು ಎಂದು ತರಿಸಿಕೊಳ್ಳುತ್ತಾ, ಪುಟದಲ್ಲಿ ಕಂಡ ಬೆಲೆಯಷ್ಟೇ ಖಾತೆಯಿಂದ ಹೋಗುತ್ತಿದೆ ಎಂದು ನಂಬಿದ್ದೆ. ಕೊನೆಗೊಂದು ದಿನ ನೋಡಿದರೆ ಪ್ರತಿ ಖರೀದಿಯ ಕೆಳಗೂ ಬಾಲದಂತೆ ಒಂದು ಸಾಲು: ವಿದೇಶಿ ವಹಿವಾಟು ಶುಲ್ಕ.

ಈ ಶುಲ್ಕ ಸಾಮಾನ್ಯವಾಗಿ ಖರೀದಿಯ ಮೊತ್ತದ ಶೇ. 1ರಿಂದ 3ರವರೆಗೆ ಇರುತ್ತದೆ. ವೀಸಾ, ಮಾಸ್ಟರ್‌ಕಾರ್ಡ್‌ಗಳು ದಿನದಿನವೂ ತಮ್ಮ ವಿನಿಮಯ ದರ ನಿಗದಿ ಮಾಡುತ್ತವೆ. ಅದು ಮಾರುಕಟ್ಟೆ ದರಕ್ಕೆ ಹತ್ತಿರವೇ ಇರುತ್ತದೆ, ಅವರ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಕಾರ್ಡ್ ಕೊಟ್ಟ ಬ್ಯಾಂಕ್ ಅದರ ಮೇಲೆ ತನ್ನ ಪಾಲು ಸೇರಿಸುತ್ತದೆ. ತಾಯ್ನಾಡಿನಿಂದ ತಂದ ಕಾರ್ಡನ್ನೇ ಇನ್ನೂ ಬಳಸುತ್ತಿದ್ದರೆ ಇಲ್ಲಿನ ಪ್ರತಿಯೊಂದು ಖರೀದಿಯೂ ಅದರ ಪಾಲಿಗೆ ವಿದೇಶಿ ವಹಿವಾಟೇ. ಸ್ಥಳೀಯ ಖಾತೆ ತೆರೆದ ದಿನವೇ ಅದನ್ನು ಬದಿಗಿಡಿ.

ಆದರೆ ಹೆಚ್ಚು ಹಣ ಸೋರುವುದು ಬ್ಯಾಂಕಿನಲ್ಲಲ್ಲ, ಪಾವತಿಯ ಕೊನೆಯ ಪುಟದಲ್ಲಿ. ಕಾರ್ಡ್ ಸಂಖ್ಯೆ ತುಂಬಿದ ಮೇಲೆ ಎರಡು ಆಯ್ಕೆಗಳು ಕಾಣಿಸುತ್ತವೆ: ಅಂಗಡಿಯ ಕರೆನ್ಸಿಯಲ್ಲಿ ಕೊಡುತ್ತೀರೋ, ನಿಮ್ಮ ಕರೆನ್ಸಿಯಲ್ಲೋ? ಎರಡನೆಯದಕ್ಕೆ ಎಷ್ಟೋ ಸಲ ಮೊದಲೇ ಗುರುತು ಹಾಕಿರುತ್ತಾರೆ. ಪಕ್ಕದಲ್ಲಿ ‘ದರ ಈಗಲೇ ಖಚಿತ’ ಎಂಬ ಸಮಾಧಾನದ ಮಾತು ಬೇರೆ. ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎಂದರೆ ಇದೇ. ದರ ಖಚಿತವೇನೋ ಹೌದು, ಆದರೆ ಅದನ್ನು ನಿರ್ಧರಿಸುವುದು ಅಂಗಡಿಯ ಕಡೆಯ ಪಾವತಿ ಸಂಸ್ಥೆ, ತನ್ನ ಲಾಭಾಂಶ ಸೇರಿಸಿಕೊಂಡು.

ಲೆಕ್ಕ ಹಾಕಿ ನೋಡಿ. ವಸ್ತುವಿನ ಬೆಲೆ ಮಾರುಕಟ್ಟೆ ದರದಲ್ಲಿ ನಿಮ್ಮ ಕರೆನ್ಸಿಯ 100ಕ್ಕೆ ಸಮ ಎಂದುಕೊಳ್ಳೋಣ. ಪರಿವರ್ತನೆಗೆ ಶೇ. 5 ಸೇರಿಸಿದರೆ ಅದು 105 ಆಯಿತು. ಮಾರಾಟಗಾರ ಬೇರೆ ದೇಶದವನು ಎಂಬ ಒಂದೇ ಕಾರಣಕ್ಕೆ ಕೆಲವು ಬ್ಯಾಂಕುಗಳು ಆ 105ರ ಮೇಲೂ ಶೇ. 3 ಹಾಕುತ್ತವೆ: 108.15. ಅಂಗಡಿಯ ಕರೆನ್ಸಿಯನ್ನೇ ಆರಿಸಿದ್ದರೆ ಅದೇ ಕಾರ್ಡಿನಲ್ಲಿ ಸುಮಾರು 103ರಲ್ಲಿ ಮುಗಿಯುತ್ತಿತ್ತು. ನಮ್ಮ ಕರೆನ್ಸಿ ಕಂಡ ತಕ್ಷಣ ಬರುವ ಧೈರ್ಯಕ್ಕೆ ತೆರುವ ಬೆಲೆ ಇದು.

ಪೇಪಾಲ್ ಬಳಸುವವರು ಇನ್ನೊಂದು ಹೆಜ್ಜೆ ಎಚ್ಚರ ವಹಿಸಬೇಕು. ಅಲ್ಲಿ ಪರಿವರ್ತನೆಯನ್ನು ಪೇಪಾಲ್ ತಾನೇ ಮಾಡಿ, ದರದೊಳಗೆ ತನ್ನ ಶುಲ್ಕ ಸೇರಿಸಿರುತ್ತದೆ. ಪರಿವರ್ತನೆಯನ್ನು ಕಾರ್ಡ್‌ಗೆ ಬಿಡುವ ಆಯ್ಕೆ ಕಂಡರೆ ಅದನ್ನೇ ಒತ್ತಿ. ಸಣ್ಣ ಅಕ್ಷರದಲ್ಲಿರುತ್ತದೆ, ಕನ್ನಡಕ ಹಾಕಿಕೊಳ್ಳಿ.

ಎಲ್ಲ ಸಲವೂ ನಮ್ಮ ಕರೆನ್ಸಿಯ ಬೆಲೆ ಮೋಸವೆಂದಲ್ಲ. ದೊಡ್ಡ ಅಂಗಡಿಗಳು ದೇಶಕ್ಕೊಂದು ಬೆಲೆಪಟ್ಟಿ ಇಟ್ಟಿರುತ್ತವೆ. ಅದು ಪರಿವರ್ತನೆಯಲ್ಲ, ಬೇರೆಯದೇ ಬೆಲೆ. ಕೆಲವೊಮ್ಮೆ ಅಗ್ಗವೂ ಆಗಿರುತ್ತದೆ. ಪುಟದ ತುದಿಯಲ್ಲೋ ಬುಡದಲ್ಲೋ ಇರುವ ದೇಶ, ಕರೆನ್ಸಿಗಳ ಆಯ್ಕೆಯನ್ನು ಬದಲಿಸಿ ಎರಡನ್ನೂ ಹೋಲಿಸಿ ನೋಡುವುದಕ್ಕೆ ಒಂದು ನಿಮಿಷವೂ ಬೇಡ.

ವಿದೇಶಿ ವಹಿವಾಟು ಶುಲ್ಕವೇ ಇಲ್ಲದ ಕಾರ್ಡುಗಳೂ ಇವೆ. ಆದರೆ ವಾರ್ಷಿಕ ಶುಲ್ಕ ಎಷ್ಟೆಂದು ಮೊದಲು ಕೇಳಿ. ವರ್ಷಕ್ಕೆ 1,000ದಷ್ಟು ವಿದೇಶಿ ಖರೀದಿ ಮಾಡುವವರಿಗೆ ಶೇ. 3ರ ಲೆಕ್ಕದಲ್ಲಿ ಉಳಿಯುವುದು 30 ಮಾತ್ರ. ಕಾರ್ಡಿಗೇ 90 ತೆತ್ತರೆ ಏನು ಬಂತು? ಒಂದೇ ಕರೆನ್ಸಿಯಲ್ಲಿ ಪದೇಪದೇ ಕೊಳ್ಳುವವರಿಗೆ ವೈಸ್, ರೆವಲ್ಯೂಟ್‌ನಂಥ ಬಹುಕರೆನ್ಸಿ ಖಾತೆ ಹೊಂದುತ್ತದೆ. ಆ ಕರೆನ್ಸಿಯಲ್ಲಿ ಹಣ ಮೊದಲೇ ಇಟ್ಟುಕೊಂಡರೆ ಕೊಳ್ಳುವಾಗ ಪರಿವರ್ತನೆಯ ಪ್ರಶ್ನೆಯೇ ಬರುವುದಿಲ್ಲ. ವಾರಾಂತ್ಯದಲ್ಲಿ ವಿನಿಮಯ ಮಾರುಕಟ್ಟೆ ಮುಚ್ಚಿರುವುದರಿಂದ ಕೆಲವು ಸೇವೆಗಳು ಆಗ ದರದ ಮೇಲೆ ಒಂದಿಷ್ಟು ಹೆಚ್ಚು ಹಾಕುತ್ತವೆ. ಪರಿವರ್ತನೆಯ ಕೆಲಸವನ್ನು ವಾರದ ನಡುವೆ ಮುಗಿಸಿಡಿ. ಸುಂಕ, ಆಮದು ತೆರಿಗೆಗಳ ಲೆಕ್ಕ ಪೂರ್ತಿ ಬೇರೆ. ಕಾರ್ಡ್ ಯಾವುದಾದರೂ ಅವು ತಪ್ಪುವುದಿಲ್ಲ.

ವಾಪಸು ಕಳುಹಿಸುವ ಸಾಧ್ಯತೆ ಇರುವ ವಸ್ತುಗಳನ್ನಂತೂ ಯೋಚಿಸಿ ಕೊಳ್ಳಿ. ಅಳತೆ ಸರಿಹೋಗದ ಬೂಟನ್ನು ನಾನು ಹಿಂದಿರುಗಿಸಿದಾಗ ಅಂಗಡಿಯವರು ಪೂರ್ತಿ ಹಣ ಮರಳಿಸಿದರು, ಅವರ ಕರೆನ್ಸಿಯಲ್ಲಿ. ಅದು ನನ್ನ ಖಾತೆಗೆ ಬಂದದ್ದು ಮರುಪಾವತಿಯ ದಿನದ ದರದಲ್ಲಿ. ಮೊದಲು ಮುರಿದುಕೊಂಡ ವಿದೇಶಿ ಶುಲ್ಕ ಬರಲೇ ಇಲ್ಲ. ಬ್ಯಾಂಕಿಗೆ ಫೋನ್ ಮಾಡಿ ಕೇಳಿದೆ. ಕೇಳಿದ್ದಕ್ಕೆ ಕೊಟ್ಟರು.