ನನಗೆ ಆಡಿನ ಭಯ ಇಲ್ಲ, ಆಂಡ್ರ್ಯೂ ಮಿಲ್ಲರ್ ಭಯ ಇದೆ

ನಾಳೆ ಸಂಜೆ, ಅಕ್ಟೋಬರ್ 25ಕ್ಕೆ, ಕ್ಲೀವ್‌ಲ್ಯಾಂಡ್‌ನಲ್ಲಿ 2016ರ ವರ್ಲ್ಡ್ ಸೀರೀಸ್ ಶುರುವಾಗುತ್ತದೆ. ಇದು ಅಮೆರಿಕದ ಬೇಸ್‌ಬಾಲ್‌ನ ಫೈನಲ್, ಎರಡು ಲೀಗ್‌ಗಳ ಚಾಂಪಿಯನ್‌ಗಳ ನಡುವೆ ಏಳು ಮ್ಯಾಚಿನ ಸರಣಿ. ನಮ್ಮ ಶಿಕಾಗೋ ಕಬ್ಸ್ ಆಡುತ್ತಿದೆ. ಕಬ್ಸ್ ಇಲ್ಲಿಯವರೆಗೆ ಬಂದದ್ದು 1945ರ ನಂತರ ಇದೇ ಮೊದಲು. ಗೆದ್ದದ್ದು ಅದಕ್ಕೂ ಹಿಂದೆ, 1908ರಲ್ಲಿ. ಶನಿವಾರ ರಾತ್ರಿ ಹಿಂದಿನ ಸುತ್ತಿನ ಕೊನೆಯ ಮ್ಯಾಚಿನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವನ್ನು 5-0 ಅಂತರದಲ್ಲಿ ಸೋಲಿಸಿದಾಗಿನಿಂದ ಈ ಊರಿನಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಆಫೀಸಿನಲ್ಲಿ ಕೆಲಸವೂ ಅಷ್ಟಕ್ಕಷ್ಟೇ.

ಇಂಥ ಹೊತ್ತಿನಲ್ಲಿ ಅಭಿಮಾನಿ ಏನು ಮಾಡಬೇಕು? ಹೆಚ್ಚಿನವರು ಹರಕೆ ಹೊರುತ್ತಾರೆ, ಟಿಕೆಟ್ ಬೆಲೆ ನೋಡಿ ಬೈಯುತ್ತಾರೆ, ಇಲ್ಲವೇ ಆಡಿನ ಕಥೆ ಹೇಳುತ್ತಾರೆ. ನಾನು ಪೆನ್ಸಿಲ್ ಚೂಪು ಮಾಡಿಕೊಂಡು ಕೂರುತ್ತೇನೆ. ಹೇಗೆ ತಯಾರಾಗುತ್ತೇನೆ ಅಂತ ಊರಿನ ಗೆಳೆಯರು ಕೇಳುತ್ತಿದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆಡಿನ ಕಥೆ ಮುಗಿಸಿಬಿಡೋಣ. 1945ರ ವರ್ಲ್ಡ್ ಸೀರೀಸ್‌ನ ನಾಲ್ಕನೇ ಮ್ಯಾಚಿಗೆ ಬಿಲ್ಲಿ ಗೋಟ್ ಹೋಟೆಲಿನ ಮಾಲೀಕ ಸಿಯಾನಿಸ್ ತನ್ನ ಆಡನ್ನು ಕಬ್ಸ್ ಮೈದಾನ ರಿಗ್ಲಿ ಫೀಲ್ಡ್‌ಗೆ ಕರೆದುಕೊಂಡು ಬಂದ. ಆಡಿನ ನಾತ ತಡೆಯಲಾರದೆ ಅವರಿಬ್ಬರನ್ನೂ ಹೊರಗೆ ಕಳಿಸಿದರು. ಅವನು ಶಾಪ ಹಾಕಿ ಹೋದ, ಇದಿಷ್ಟು. ಆಮೇಲೆ ಸೋತದ್ದಕ್ಕೆಲ್ಲ ಆಡೇ ಕಾರಣ. 2003ರಲ್ಲಿ ವರ್ಲ್ಡ್ ಸೀರೀಸ್ ತಲುಪಲು ಇನ್ನು ಐದು ಔಟ್ ಬಾಕಿ ಇರುವಾಗ ಎಲ್ಲ ಕೈತಪ್ಪಿತಲ್ಲ, ಆಗ ಆಡಿನ ಜೊತೆ ಗ್ಯಾಲರಿಯಲ್ಲಿ ಚೆಂಡಿಗೆ ಕೈ ಚಾಚಿದ ಪಾಪದ ಪ್ರೇಕ್ಷಕನನ್ನೂ ಸೇರಿಸಿದರು. ಅದೇ ಇನ್ನಿಂಗ್ಸ್‌ನಲ್ಲಿ ನಮ್ಮ ಶಾರ್ಟ್‌ಸ್ಟಾಪ್ ಜಾಗದ ಫೀಲ್ಡರ್ ಕೈಗೆ ಬಂದ ಸುಲಭದ ಚೆಂಡನ್ನು ಬಿಟ್ಟದ್ದು, ಎದುರಾಳಿ ಎಂಟು ರನ್ ಹೊಡೆದದ್ದು ಯಾರಿಗೂ ನೆನಪಿಲ್ಲ. ಶಾಪ ಅನ್ನುವುದು ಸೋಮಾರಿಗಳ ಕಾರಣ, ಅದನ್ನು ನಂಬಿದರೆ ಆಟ ನೋಡುವ ಕಷ್ಟವೇ ಇಲ್ಲ ನೋಡಿ.

ನಾನು ದಾವಣಗೆರೆಯವನು. ಇಲ್ಲಿಗೆ ಬಂದ ಹೊಸದರಲ್ಲಿ ಬೇಸ್‌ಬಾಲ್ ಅಂದರೆ ಸುಮ್ನೆ ಕೂತು ಕಡಲೆಕಾಯಿ ತಿನ್ನುವುದು ಅಂದುಕೊಂಡಿದ್ದೆ. 2012ರಲ್ಲಿ ಕಬ್ಸ್ 101 ಮ್ಯಾಚ್ ಸೋತಿತು. ಟಿಕೆಟ್ ಅಗ್ಗವಾಗಿತ್ತು, ಬ್ಲೀಚರ್ಸ್‌ನ ಬೆಂಚುಗಳಲ್ಲಿ ಜಾಗ ಬೇಕಾದಷ್ಟು ಸಿಗುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಒಬ್ಬ ಅಜ್ಜ ಸ್ಕೋರ್ ಬರೆಯುವುದನ್ನು ಅಲ್ಲೇ ಕಲಿಸಿಕೊಟ್ಟರು. ಫೀಲ್ಡಿಂಗ್ ಮಾಡುವ ಒಂಬತ್ತು ಜನರಿಗೂ ಒಂದೊಂದು ಅಂಕಿ. ಚೆಂಡು ಎಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ 2, ಆಮೇಲೆ ರನ್‌ಗಾಗಿ ಓಡಿ ಮುಟ್ಟಬೇಕಾದ ಬೇಸ್‌ಗಳನ್ನು ಕಾಯುವವರು, ಫಸ್ಟ್ ಬೇಸ್ 3, ಸೆಕೆಂಡ್ 4, ಥರ್ಡ್ 5, ಶಾರ್ಟ್‌ಸ್ಟಾಪ್ 6, ಹೊರಗಿನ ಮೂವರು ಎಡದಿಂದ ಬಲಕ್ಕೆ 7, 8, 9. ಶನಿವಾರದ ಕೊನೆಯ ಆಟ ನನ್ನ ಪುಸ್ತಕದಲ್ಲಿ 6-4-3 ಅಂತ ಇದೆ. ರಸೆಲ್ ಎತ್ತಿಕೊಂಡ, ಬಾಯೆಸ್‌ಗೆ ಕೊಟ್ಟ, ಬಾಯೆಸ್ ರಿಜ್ಜೊಗೆ ಎಸೆದ, ಎರಡು ಔಟ್, ಮುಗಿಯಿತು. ಆ ಮೂರು ಅಂಕಿ ಬರೆಯುವಾಗ ಕೈ ನಡುಗಿದ್ದು ಕಾಗದದ ಮೇಲೆ ಈಗಲೂ ಕಾಣುತ್ತದೆ.

ಬರೆಯುವುದರಿಂದ ಒಂದು ಲಾಭ ಇದೆ. ಮುಂದಿನ ತಂಡ ಯಾವುದು ಅಂತ ಗೊತ್ತಾದ ತಕ್ಷಣ ಮಾಡಲು ಕೆಲಸ ಸಿಗುತ್ತದೆ. ನಿನ್ನೆ ಭಾನುವಾರ ಇಡೀ ದಿನ ಕ್ಲೀವ್‌ಲ್ಯಾಂಡ್ ಆಡಿದ ಮ್ಯಾಚುಗಳ ರೆಕಾರ್ಡಿಂಗ್ ನೋಡಿದೆ. ಬಾಸ್ಟನ್ ವಿರುದ್ಧದ ಸರಣಿಯನ್ನು 3-0, ಟೊರಾಂಟೊ ವಿರುದ್ಧದ ಸರಣಿಯನ್ನು 4-1 ಅಂತರದಲ್ಲಿ ಮುಗಿಸಿ ಬಂದವರು ಅವರು. ಸೀಸನ್‌ನಲ್ಲಿ ನಾವು 103 ಗೆದ್ದೆವು, ಅವರು 94. ಹಾಗಂತ ನಾವೇ ದೊಡ್ಡವರು ಅಂತ ಬೀಗುವ ಹಾಗಿಲ್ಲ.

ಅವರ ತೊಂದರೆ ಸ್ಟಾರ್ಟಿಂಗ್ ಪಿಚರ್‌ಗಳದ್ದು, ಅಂದರೆ ಮ್ಯಾಚು ಶುರು ಮಾಡುವವರದ್ದು. ಕರಾಸ್ಕೊ ಕೈಗೆ ಸೆಪ್ಟೆಂಬರ್‌ನಲ್ಲಿ ಚೆಂಡು ಬಡಿದು ಮೂಳೆ ಮುರಿದಿದೆ. ಬಾವರ್ ತನ್ನ ಡ್ರೋನ್ ರಿಪೇರಿ ಮಾಡುತ್ತಾ ಬೆರಳು ಕುಯ್ದುಕೊಂಡ. ಟೊರಾಂಟೊದಲ್ಲಿ ಮೊದಲ ಇನ್ನಿಂಗ್ಸ್‌ನಲ್ಲೇ ರಕ್ತ ತೊಟ್ಟಿಕ್ಕಿ ಹೊರಗೆ ಹೋದ. ಉಳಿದವರಲ್ಲಿ ನಿಜವಾಗಿ ಹೆದರಬೇಕಾದವನು ಕೋರಿ ಕ್ಲೂಬರ್ ಒಬ್ಬನೇ. ಇಷ್ಟಾದರೂ ಅವರು ಹೇಗೆ ಗೆಲ್ಲುತ್ತಿದ್ದಾರೆ? ಉತ್ತರ ಆಂಡ್ರ್ಯೂ ಮಿಲ್ಲರ್.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಒಂಬತ್ತು ಇನ್ನಿಂಗ್ಸ್‌ನ ಆಟದಲ್ಲಿ ಶುರು ಮಾಡಿದ ಪಿಚರ್ ಐದಾರು ಇನ್ನಿಂಗ್ಸ್ ಎಸೆಯುತ್ತಾನೆ. ಸುಸ್ತಾದ ಮೇಲೆ ಬುಲ್‌ಪೆನ್‌ನಿಂದ, ಅಂದರೆ ಬದಲಿ ಪಿಚರ್‌ಗಳು ಕಾಯುವ ಜಾಗದಿಂದ, ಬೇರೆಯವರು ಬರುತ್ತಾರೆ. ಇವರೇ ರಿಲೀವರ್‌ಗಳು. ಒಮ್ಮೆ ಹೊರಗೆ ಹೋದವನು ಆ ಮ್ಯಾಚಿಗೆ ವಾಪಸ್ ಬರುವ ಹಾಗಿಲ್ಲ. ವಾಡಿಕೆಯಂತೆ ಎಲ್ಲರಿಗಿಂತ ಒಳ್ಳೆಯ ರಿಲೀವರ್‌ನನ್ನು ಕೊನೆಯ ಇನ್ನಿಂಗ್ಸ್‌ಗೆ ಎತ್ತಿಡುತ್ತಾರೆ. ಕ್ಲೀವ್‌ಲ್ಯಾಂಡ್‌ನ ಮ್ಯಾನೇಜರ್ ಟೆರ್ರಿ ಫ್ರಾಂಕೋನಾ ಈ ವಾಡಿಕೆ ಮುರಿದಿದ್ದಾರೆ. ಬಾಸ್ಟನ್ ವಿರುದ್ಧದ ಮೊದಲ ಮ್ಯಾಚಿನಲ್ಲಿ ಮಿಲ್ಲರ್‌ನನ್ನು ಐದನೇ ಇನ್ನಿಂಗ್ಸ್‌ನಲ್ಲೇ ಇಳಿಸಿದರು. ಎಲ್ಲಿ ಆಟ ಕೈಜಾರುತ್ತದೋ ಅಲ್ಲಿ ಮಿಲ್ಲರ್, ಅದು ಎಷ್ಟನೇ ಇನ್ನಿಂಗ್ಸ್ ಆದರೂ ಸರಿ. ಎತ್ತರದ ಆಳು, ಎಡಗೈ, ಅವನ ಸ್ಲೈಡರ್ ಎಸೆತ ಬ್ಯಾಟ್ ಹತ್ತಿರ ಬರುವ ಹೊತ್ತಿಗೆ ಎತ್ತಲೋ ಹೋಗಿರುತ್ತದೆ. ಟೊರಾಂಟೊ ವಿರುದ್ಧ ಎಂಟು ಇನ್ನಿಂಗ್ಸ್‌ಗೆ ಒಂದು ಔಟ್ ಕಮ್ಮಿ ಎಸೆದು 14 ಜನರನ್ನು ಸ್ಟ್ರೈಕ್ ಔಟ್ ಮಾಡಿದ, ಒಂದು ರನ್ ಕೂಡ ಕೊಡಲಿಲ್ಲ.

ತಮಾಷೆ ಏನು ಗೊತ್ತಾ? ಜುಲೈವರೆಗೆ ಮಿಲ್ಲರ್ ಮತ್ತು ನಮ್ಮ ರಿಲೀವರ್ ಚಾಪ್‌ಮನ್ ಇಬ್ಬರೂ ನ್ಯೂಯಾರ್ಕ್ ಯಾಂಕೀಸ್‌ನಲ್ಲಿದ್ದರು. ಒಂದೇ ವಾರದ ಅಂತರದಲ್ಲಿ ಇಬ್ಬರನ್ನೂ ಬೇರೆ ಆಟಗಾರರಿಗೆ ಬದಲಾಗಿ ಬಿಟ್ಟುಕೊಟ್ಟರು. ಒಬ್ಬ ಇಲ್ಲಿಗೆ, ಇನ್ನೊಬ್ಬ ಅಲ್ಲಿಗೆ.

ಹಾಗಾಗಿ ಈ ಸಲ ಸ್ಕೋರ್‌ಬುಕ್‌ನಲ್ಲಿ ಎರಡು ಹೊಸ ಮನೆ ಗೀಚಿಕೊಂಡಿದ್ದೇನೆ. ಒಂದು, ನಾಲ್ಕನೇ ಇನ್ನಿಂಗ್ಸ್ ಮುಗಿದಾಗ ಅವರ ಸ್ಟಾರ್ಟರ್ ಎಷ್ಟು ಚೆಂಡು ಎಸೆದಿದ್ದಾನೆ ಅನ್ನುವುದು. ಎಪ್ಪತ್ತು ದಾಟಿದರೆ ನನಗೆ ಖುಷಿ, ನಮಗೆ ರನ್ ಬರದಿದ್ದರೂ ಪರವಾಗಿಲ್ಲ. ಯಾಕೆಂದರೆ ಫ್ರಾಂಕೋನಾ ಬೇಗ ಮಿಲ್ಲರ್‌ನನ್ನು ಕರೆಯಬೇಕಾಗುತ್ತದೆ, ಜಾಸ್ತಿ ಹೊತ್ತು ಎಸೆಸಬೇಕಾಗುತ್ತದೆ. ನಮ್ಮವರು ಕೆಟ್ಟ ಚೆಂಡಿಗೆ ಬ್ಯಾಟ್ ಬೀಸದೆ ಕಾಯುವುದರಲ್ಲಿ ನಿಸ್ಸೀಮರು, ನಮ್ಮ ನ್ಯಾಷನಲ್ ಲೀಗ್‌ನಲ್ಲಿ ಎಲ್ಲರಿಗಿಂತ ಹೆಚ್ಚು ವಾಕ್ (ನಾಲ್ಕು ಕೆಟ್ಟ ಚೆಂಡು ಬಿಟ್ಟರೆ ಪುಕ್ಕಟೆ ಸಿಗುವ ಫಸ್ಟ್ ಬೇಸ್) ಪಡೆದವರು. ಎರಡನೇ ಮನೆ ಮಿಲ್ಲರ್‌ನದ್ದೇ. ಪ್ರತಿ ಮ್ಯಾಚಿನಲ್ಲಿ ಅವನು ಎಸೆದ ಚೆಂಡಿನ ಲೆಕ್ಕ, ಒಂದರ ಕೆಳಗೆ ಒಂದು, ಬ್ಯಾಂಕ್ ಪಾಸ್‌ಬುಕ್ ಥರ. ಮೊದಲ ಎರಡು ಮ್ಯಾಚಿನ ನಂತರ ಒಂದು ದಿನ ಬಿಡುವು ಇದೆ. ಆಮೇಲೆ 28, 29, 30 ಮೂರು ದಿನ ಸತತವಾಗಿ ರಿಗ್ಲಿ ಫೀಲ್ಡ್‌ನಲ್ಲಿ ಆಟ. ಮಿಲ್ಲರ್ ಸುಸ್ತಾಗುವುದಿದ್ದರೆ ಅಲ್ಲೇ. ಮೊದಲ ಎರಡು ಮ್ಯಾಚಿನಲ್ಲಿ ಅವನಿಂದ ಎಷ್ಟು ಚೆಂಡು ಎಸೆಸುತ್ತೇವೆ ಅನ್ನುವುದರ ಮೇಲೆ ಆ ಮೂರು ದಿನ ನಿಂತಿದೆ ಅಂತ ನನ್ನ ಅಂದಾಜು. ನಾಳೆ ಸೋತರೂ ಆ ಅಂಕಿ ದೊಡ್ಡದಿದ್ದರೆ ನಾನು ನೆಮ್ಮದಿಯಾಗಿ ಮಲಗುತ್ತೇನೆ.

ಸರಣಿಯ ಚೆಂದ ಇರುವುದೇ ಇಲ್ಲಿ. ಮೇ 29ಕ್ಕೆ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ 8 ರನ್‌ನಿಂದ ಫೈನಲ್ ಸೋತಾಗ ಇಲ್ಲಿ ಭಾನುವಾರ ಮಧ್ಯಾಹ್ನ. ಕೊಹ್ಲಿ ಆ ಸೀಸನ್‌ನಲ್ಲಿ 973 ರನ್ ಹೊಡೆದಿದ್ದರು. ಏನು ಬಂತು? ಒಂದೇ ಮ್ಯಾಚು, ಹೋಯಿತು, ಮುಂದಿನ ವರ್ಷದವರೆಗೆ ಕಾಯಿರಿ. ಇಲ್ಲಿ ನಾಲ್ಕು ಗೆಲ್ಲಬೇಕು. ಡಾಡ್ಜರ್ಸ್ ವಿರುದ್ಧ ನಾವು ಸತತ 21 ಇನ್ನಿಂಗ್ಸ್ ಒಂದೂ ರನ್ ಗಳಿಸದೆ 2-1 ಹಿಂದಿದ್ದೆವು. ನಾಲ್ಕನೇ ಮ್ಯಾಚಿನಲ್ಲಿ ನಮ್ಮ ಝೋಬ್ರಿಸ್ಟ್ ಮೆಲ್ಲಗೆ ಒಂದು ಬಂಟ್ ತಟ್ಟಿದ. ಅಲ್ಲಿಂದ ಶುರುವಾಗಿ 10-2 ಗೆದ್ದೆವು, ಆಮೇಲೆ ಎರಡೂ ನಮ್ಮದೇ. ತಂಡ ಒದ್ದಾಡಿ ತಿದ್ದಿಕೊಳ್ಳಲು ಸಮಯ ಇರುತ್ತದೆ. ನೋಡುವವನಿಗೂ.

ಮಿಲ್ಲರ್ ಬಿಟ್ಟರೆ ನನ್ನ ಇನ್ನೊಂದು ಚಿಂತೆ ನಮ್ಮವನದೇ. ನಾಳೆ ಎಸೆಯುವವನು ಜಾನ್ ಲೆಸ್ಟರ್. ಬ್ಯಾಟರ್‌ಗೆ ಎಸೆಯುವುದರಲ್ಲಿ ಅವನಷ್ಟು ಗಟ್ಟಿ ಮನುಷ್ಯ ಇಲ್ಲ. ಆದರೆ ಎದುರಾಳಿ ಓಟಗಾರನನ್ನು ತಡೆಯಲು ಫಸ್ಟ್ ಬೇಸ್‌ಗೆ ಚೆಂಡು ಎಸೆಯಲು ಅವನಿಗೆ ಆಗುವುದಿಲ್ಲ. ಕೈಗೆ ಏನೂ ಆಗಿಲ್ಲ, ತಡೆ ಇರುವುದು ಮನಸ್ಸಿನಲ್ಲಿ. ಇಡೀ ಜಗತ್ತಿಗೆ ಗೊತ್ತು. ಬೇಸ್ ಮೇಲೆ ನಿಂತವನು ಎಷ್ಟು ಮುಂದೆ ಬಂದರೂ ಲೆಸ್ಟರ್ ತಿರುಗಿ ಎಸೆಯುವುದಿಲ್ಲ. ಅವರ ಅಮೆರಿಕನ್ ಲೀಗ್‌ನಲ್ಲಿ ಈ ವರ್ಷ ಅತಿ ಹೆಚ್ಚು ಬೇಸ್ ಕದ್ದ, ಅಂದರೆ ಪಿಚರ್ ಎಸೆಯುವ ಹೊತ್ತಿಗೆ ಮುಂದಿನ ಬೇಸ್‌ಗೆ ಓಡಿಬಿಟ್ಟ, ತಂಡ ಯಾವುದು ಹೇಳಿ? ಕ್ಲೀವ್‌ಲ್ಯಾಂಡ್, 134. ರಾಜೈ ಡೇವಿಸ್ ಒಬ್ಬನೇ 43. ನಮ್ಮ ಕಡೆ ಇರುವ ಮದ್ದು ಕ್ಯಾಚರ್ ಡೇವಿಡ್ ರಾಸ್. ವಯಸ್ಸು 39, ಇದು ಅವನ ಕೊನೆಯ ಸೀಸನ್. ಅವನು ಕೂತಲ್ಲಿಂದಲೇ ಎಸೆದು ಓಟಗಾರರನ್ನು ಹಿಡಿದಿಡುತ್ತಾನೆ. ನಾಳೆ ಮೊದಲ ಇನ್ನಿಂಗ್ಸ್‌ನಲ್ಲಿ ಡೇವಿಸ್ ಬೇಸ್‌ಗೆ ಬಂದರೆ ನಾನು ಟಿವಿಯಲ್ಲಿ ಬ್ಯಾಟರ್‌ನನ್ನು ನೋಡುವುದಿಲ್ಲ, ಅವನ ಕಾಲನ್ನೇ ನೋಡುತ್ತೇನೆ.

ಅವರ ಸೆಕೆಂಡ್ ಬೇಸ್‌ನ ಕಿಪ್ನಿಸ್ ಇಲ್ಲಿಯ ನಾರ್ತ್‌ಬ್ರೂಕ್ ಹುಡುಗ, ಚಿಕ್ಕವನಿದ್ದಾಗ ಕಬ್ಸ್ ಅಭಿಮಾನಿ. ಅವನ ಬಗ್ಗೆ ಕೋಪ ಮಾಡಿಕೊಳ್ಳಲು ಆಗುತ್ತಿಲ್ಲ, ಅದೂ ಒಂದು ತೊಂದರೆ. ಆಫೀಸಿನಲ್ಲಿ ಮಾತ್ರ ಎಲ್ಲರದೂ ಒಂದೇ ಜೋಕು. ನೀನು ಇಂಡಿಯನ್, ಆ ತಂಡದ ಹೆಸರೂ ಇಂಡಿಯನ್ಸ್, ನಿನ್ನ ಬೆಂಬಲ ಯಾರಿಗೆ ಅಂತ. ಶನಿವಾರದಿಂದ ಕೇಳಿ ಕೇಳಿ ಸಾಕಾಗಿದೆ.

ನಾಳೆ ನಾವು ಯಾಕೆ ಕ್ಲೀವ್‌ಲ್ಯಾಂಡ್‌ಗೆ ಹೋಗಿ ಆಡಬೇಕು ಅನ್ನುವುದೂ ನನಗೆ ಉರಿ. ಹೆಚ್ಚು ಗೆದ್ದವರ ಮನೆಯಲ್ಲಿ ಶುರುವಾಗಬೇಕು ತಾನೇ? ಇಲ್ಲ. ಜುಲೈನಲ್ಲಿ ಎರಡೂ ಲೀಗ್‌ಗಳ ಆಯ್ದ ಆಟಗಾರರ ನಡುವೆ ನಡೆದ ಆಲ್‌ಸ್ಟಾರ್ ಮ್ಯಾಚಿನಲ್ಲಿ ಅಮೆರಿಕನ್ ಲೀಗ್ ಗೆದ್ದದ್ದಕ್ಕೆ ಅವರಿಗೆ ಈ ಅವಕಾಶ. ಒಂದು ಪ್ರದರ್ಶನ ಪಂದ್ಯದಿಂದ ವರ್ಲ್ಡ್ ಸೀರೀಸ್‌ನ ಏಳನೇ ಮ್ಯಾಚು ಎಲ್ಲಿ ಅಂತ ತೀರ್ಮಾನ! ಆ ಮ್ಯಾಚಿನಲ್ಲಿ ಗೆದ್ದ ಪಿಚರ್ ಯಾರು ಅಂದರೆ ಇದೇ ಕ್ಲೂಬರ್. ಆದರೂ ಈ ಅನ್ಯಾಯದಲ್ಲಿ ನಮಗೊಂದು ಲಾಭ ಸಿಗಬಹುದು. 2016ರ ನಿಯಮದಂತೆ ಅಮೆರಿಕನ್ ಲೀಗ್‌ನ ಮೈದಾನದಲ್ಲಿ ಪಿಚರ್ ಬದಲು ಬೇರೊಬ್ಬ ಬ್ಯಾಟ್ ಮಾಡಬಹುದು, ಅವನು ಫೀಲ್ಡಿಂಗ್ ಮಾಡಬೇಕಿಲ್ಲ. ಏಪ್ರಿಲ್‌ನಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡ ನಮ್ಮ ಕೈಲ್ ಶ್ವಾರ್ಬರ್ ಈಗ ಅರಿಜೋನಾದ ಫಾಲ್ ಲೀಗ್‌ನಲ್ಲಿ ಬ್ಯಾಟ್ ಹಿಡಿದಿದ್ದಾನೆ. ಅವನಿಗೆ ಓಡುವುದು, ಎಗರುವುದು ಕಷ್ಟ, ಆದರೆ ನಿಂತು ಹೊಡೆಯಬಲ್ಲ. ಆರು ತಿಂಗಳು ಒಳ್ಳೆಯ ಪಿಚಿಂಗ್ ಎದುರಿಸದವನನ್ನು ನೇರ ಕ್ಲೂಬರ್ ಮುಂದೆ ನಿಲ್ಲಿಸುವುದು ಹುಚ್ಚುತನ ಅಂತ ನನ್ನ ಸಹೋದ್ಯೋಗಿಗಳು ಅನ್ನುತ್ತಾರೆ. ನಾನಾದರೆ ನಿಲ್ಲಿಸುತ್ತೇನೆ. ಅವನ ಕಣ್ಣು ಚೆನ್ನಾಗಿದೆ, ಒಂದು ವಾಕ್ ಪಡೆದರೂ ಆರೇಳು ಚೆಂಡು ಎಸೆಸಿರುತ್ತಾನೆ. ನನ್ನ ಲೆಕ್ಕಕ್ಕೆ ಅದು ಸಾಕು. ಪಟ್ಟಿ ನಾಳೆ ಗೊತ್ತಾಗುತ್ತದೆ. ಐದನೇ ಕ್ರಮಾಂಕದ ಮನೆಯಲ್ಲಿ ಅವನ ಹೆಸರನ್ನು ಪೆನ್ಸಿಲ್‌ನಲ್ಲಿ ತೆಳುವಾಗಿ ಬರೆದಿಟ್ಟಿದ್ದೇನೆ.

ಇನ್ನು ಮನೆಯ ಏರ್ಪಾಟು. ಮೈದಾನಕ್ಕೆ ಹೋಗುವ ಮಾತೇ ಇಲ್ಲ. ರಿಗ್ಲಿಯಲ್ಲಿ ನಿಂತು ನೋಡುವ ಟಿಕೆಟ್‌ಗೂ ಸಾವಿರಾರು ಡಾಲರ್ ಕೇಳುತ್ತಿದ್ದಾರೆ. ಅಷ್ಟು ದುಡ್ಡಿಗೆ ಊರಿಗೆ ಹೋಗಿ ಬರಬಹುದು. ನಾನು ಟಿವಿಯ ಧ್ವನಿ ಆರಿಸಿ ರೇಡಿಯೊದಲ್ಲಿ ಪ್ಯಾಟ್ ಹ್ಯೂಸ್ ಅವರ ಕಾಮೆಂಟ್ರಿ ಹಾಕುತ್ತೇನೆ. ಸ್ಕೋರ್ ಬರೆಯುವವರಿಗೆ ರೇಡಿಯೊನೇ ಸರಿ, ತಲೆ ತಗ್ಗಿಸಿದ್ದಾಗಲೂ ಏನೂ ತಪ್ಪುವುದಿಲ್ಲ. ಒಂದೇ ತಾಪತ್ರಯ, ಟಿವಿ ಮತ್ತು ರೇಡಿಯೊ ಹೊಂದುವುದಿಲ್ಲ. ಮಾಮೂಲಿ ರೇಡಿಯೊ ಟಿವಿಗಿಂತ ಮುಂದೆ ಓಡುತ್ತದೆ, ಚೆಂಡು ಎಸೆಯುವ ಮುಂಚೆಯೇ ಔಟ್ ಅಂದುಬಿಡುತ್ತದೆ. ಫೋನಿನ ಆ್ಯಪ್‌ನಲ್ಲಿ ಬರುವ ರೇಡಿಯೊ ಟಿವಿಗಿಂತ ಹಿಂದೆ. ಅದನ್ನೇ ಹಾಕಿ, ಟಿವಿಯನ್ನು ಕೆಲವು ಸೆಕೆಂಡ್ ತಡೆದು ನಿಲ್ಲಿಸಿ, ಬ್ಯಾಟಿಗೆ ಚೆಂಡು ತಾಗುವ ಶಬ್ದಕ್ಕೆ ಹೊಂದಿಸಿಕೊಳ್ಳುತ್ತೇನೆ. ಗೆಳೆಯರ ವಾಟ್ಸಾಪ್ ಗುಂಪನ್ನು ಒಂಬತ್ತು ಇನ್ನಿಂಗ್ಸ್ ಮುಗಿಯುವವರೆಗೆ ತೆರೆಯುವುದಿಲ್ಲ, ಅಲ್ಲಿ ಎಲ್ಲರೂ ನನಗಿಂತ ಮುಂದಿರುತ್ತಾರೆ.

ದೊಡ್ಡ ಪೇಚು ಹಬ್ಬದ್ದು. ಊರಿನ ಕ್ಯಾಲೆಂಡರ್ ಪ್ರಕಾರ 29ಕ್ಕೆ ನರಕ ಚತುರ್ದಶಿ, 30ಕ್ಕೆ ಅಮಾವಾಸ್ಯೆ, 31ಕ್ಕೆ ಬಲಿಪಾಡ್ಯಮಿ. ನಾನು ಹೇಳಿದ ಆ ಮೂರು ರಿಗ್ಲಿ ಮ್ಯಾಚುಗಳ ನಡುವೆಯೇ ದೀಪಾವಳಿ! ಶುಕ್ರವಾರ ಮ್ಯಾಚು ಮುಗಿಯುವ ಹೊತ್ತಿಗೆ ರಾತ್ರಿ ಹನ್ನೊಂದಾಗಬಹುದು. ಶನಿವಾರ ಬೆಳಗಿನ ಜಾವ ಎದ್ದು ಎಣ್ಣೆ ಸ್ನಾನ. ಭಾನುವಾರ ಲಕ್ಷ್ಮಿ ಪೂಜೆಗೆ ನಾಲ್ಕು ಮನೆಯವರು ಬರುತ್ತಾರೆ, ಮ್ಯಾಚು ಏಳು ಗಂಟೆಗೆ. ಪೂಜೆಯನ್ನು ಐದಕ್ಕೆ ಇಟ್ಟುಕೊಳ್ಳೋಣ ಅಂತ ಹೆಂಡತಿಯ ಹತ್ತಿರ ಒಪ್ಪಿಗೆ ತೆಗೆದುಕೊಂಡಿದ್ದೇನೆ. ಬದಲಿಗೆ ನಾನು ಒಂದು ವಿಷಯದಲ್ಲಿ ಸೋತೆ. ಡಾಡ್ಜರ್ಸ್ ಸರಣಿಯಿಂದ ಒಗೆಯದ ನನ್ನ ರಿಜ್ಜೊ ಶರ್ಟು. “ರೀ, ಹಬ್ಬಕ್ಕಾದ್ರೂ ಅದನ್ನ ಒಗೆಯೋಕೆ ಹಾಕ್ರಿ, ಆ ಆಡಿಗಿಂತ ನೀವೇ ಜಾಸ್ತಿ ನಾರ್ತಿದೀರ” ಅಂದಳು. ಶಾಪ ನಂಬುವುದಿಲ್ಲ ಅಂತ ಹೇಳಿಕೊಂಡು ತಿರುಗುವವನು ಶರ್ಟಿನ ಬಗ್ಗೆ ವಾದ ಮಾಡುವುದು ಹೇಗೆ? ಮಷೀನಿಗೆ ಹಾಕಿದ್ದೇನೆ.

ನನ್ನ ಊಹೆ ಏನು ಅಂತ ಕೇಳಿದರೆ, ಕಬ್ಸ್, ಆರು ಮ್ಯಾಚಿನಲ್ಲಿ. ನಾಳೆ ಕ್ಲೂಬರ್ ಮುಂದೆ ಸೋಲಬಹುದು. ಎರಡನೆಯದರಲ್ಲಿ ನಮ್ಮ ಪಿಚರ್ ಅರಿಯೆಟಾ ಗೆಲ್ಲುತ್ತಾನೆ. ಶುಕ್ರವಾರ ಹೆಂಡ್ರಿಕ್ಸ್, 88 ಮೈಲಿ ವೇಗದಲ್ಲಿ ಎಸೆದು ಎಲ್ಲರನ್ನೂ ಪೆಚ್ಚು ಮಾಡುವ ಮನುಷ್ಯ. ಅವನ ನಂತರ 100 ಮೈಲಿ ಮೀರುವ ಚಾಪ್‌ಮನ್ ಬಂದರೆ ಬ್ಯಾಟರ್‌ಗೆ ದಿಕ್ಕು ತೋಚುವುದಿಲ್ಲ. ಆರನೆಯದು ನವೆಂಬರ್ 1, ರಾಜ್ಯೋತ್ಸವದ ದಿನ. ಅಲ್ಲಿಗೆ ಮುಗಿದರೆ ಒಳ್ಳೆಯದು. ಸ್ಟಾರ್ಟರ್‌ಗಳ ಕೊರತೆ ಇರುವ ಫ್ರಾಂಕೋನಾ ಕ್ಲೂಬರ್‌ನನ್ನು ಕಡಿಮೆ ವಿಶ್ರಾಂತಿಯಲ್ಲೇ ಮತ್ತೆ ಮತ್ತೆ ಇಳಿಸುತ್ತಾರೆ. ಏಳನೇ ಮ್ಯಾಚಿಗೆ ಹೋಯಿತೋ, ಅವನು ಮೂರನೇ ಸಲ ಬರುತ್ತಾನೆ, ಅವನ ಹಿಂದೆ ಮಿಲ್ಲರ್ ತಯಾರಾಗಿರುತ್ತಾನೆ. ಅದು ಮಾತ್ರ ಬೇಡ.