ಫ್ರೇಮ್ ರೇಟ್‌ಗೆ ಮಿತಿ: ಎಷ್ಟಕ್ಕೆ ಹಾಕಬೇಕು, ಎಲ್ಲಿ ಹಾಕಬೇಕು

ಆನ್‌ಲೈನ್ ಆಟಗಳ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ, ಸೆಕೆಂಡಿಗೆ ಮೂಡುವ ಚಿತ್ರಗಳ (ಫ್ರೇಮ್‌ಗಳ) ಸಂಖ್ಯೆಗೆ, ಅಂದರೆ ಎಫ್‌ಪಿಎಸ್‌ಗೆ, ಮಿತಿ ಹಾಕುವ ‘ಮ್ಯಾಕ್ಸ್ ಎಫ್‌ಪಿಎಸ್’ ಅಥವಾ ‘ಫ್ರೇಮ್ ರೇಟ್ ಲಿಮಿಟ್’ ಎಂಬ ಆಯ್ಕೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದನ್ನು ‘ಅನ್‌ಲಿಮಿಟೆಡ್’ಗೆ ಇಟ್ಟು ಮರೆತುಬಿಡುವ ಆಟಗಾರರು ಬಹಳ. ಫ್ರೇಮ್ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಅವರ ಎಣಿಕೆ ಪೂರ್ತಿ ತಪ್ಪೇನೂ ಅಲ್ಲ. ಆದರೆ ಕೈಗೂ ಕಣ್ಣಿಗೂ ನಿಜವಾಗಿ ತಟ್ಟುವುದು ಸೆಕೆಂಡಿಗೆ ಬರುವ ಫ್ರೇಮ್‌ಗಳ ಸರಾಸರಿಯಲ್ಲ, ಒಂದು ಫ್ರೇಮ್‌ಗೂ ಮುಂದಿನದಕ್ಕೂ ನಡುವಿನ ಅಂತರ. 60 ಎಫ್‌ಪಿಎಸ್‌ನಲ್ಲಿ ಆ ಅಂತರ 16.7 ಮಿಲಿಸೆಕೆಂಡ್, 144ರಲ್ಲಿ 6.9, 240ರಲ್ಲಿ 4.2. ಖಾಲಿ ಓಣಿಯಲ್ಲಿ 200 ಎಫ್‌ಪಿಎಸ್ ಕೊಡುತ್ತಿದ್ದ ಆಟ ಗುಂಡಿನ ಚಕಮಕಿಯಲ್ಲಿ 90ಕ್ಕೆ ಇಳಿದರೆ, 5 ಮಿಲಿಸೆಕೆಂಡಿನ ಅಂತರ ಏಕಾಏಕಿ 11 ದಾಟುತ್ತದೆ. ಗುರಿ ಹಿಡಿಯಬೇಕಾದ ಹೊತ್ತಿನಲ್ಲೇ ಮೌಸ್ ಭಾರವಾದಂತೆ ಅನ್ನಿಸುವುದು ಇದರಿಂದ. ಹಾಗಾಗಿ ಯಂತ್ರ ಮುಟ್ಟಬಲ್ಲ ಗರಿಷ್ಠ ಸಂಖ್ಯೆಗಿಂತ, ಅತ್ಯಂತ ಭಾರದ ಕ್ಷಣದಲ್ಲೂ ಅದು ಬಿಟ್ಟುಕೊಡದ ಸಂಖ್ಯೆಯನ್ನು ಮಿತಿಯಾಗಿ ಆರಿಸಿಕೊಳ್ಳುವುದು ಬಹುಪಾಲು ಆಟಗಾರರಿಗೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಆ ಸಂಖ್ಯೆಯನ್ನು ಊಹಿಸಬಾರದು, ಅಳೆಯಬೇಕು. ಮಿತಿಯನ್ನು ತೆಗೆದು, ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ ತೋರಿಸುವ ಆಯ್ಕೆಯನ್ನು ಆನ್ ಮಾಡಿ, ನಿಜವಾದ ಪಂದ್ಯವನ್ನೇ ಆಡಿ. ಅಭ್ಯಾಸದ ಮೈದಾನದಲ್ಲಿ ಅಳೆದರೆ ಮೋಸಹೋಗುವುದು ಖಚಿತ. ನನ್ನ ಲ್ಯಾಪ್‌ಟಾಪ್ ಅಲ್ಲಿ ಸಲೀಸಾಗಿ 160 ತೋರಿಸುತ್ತಿತ್ತು. ಅದೇ ಯಂತ್ರ, ಹೊಗೆ ತುಂಬಿದ ಬಾಗಿಲ ಬಳಿ ನಾಲ್ಕೈದು ಮಂದಿ ಒಟ್ಟಿಗೆ ಬಂದಾಗ 95ರ ಆಸುಪಾಸಿಗೆ ಬಂದು ನಿಂತಿತು. ಸರಾಸರಿಯನ್ನು ಬಿಟ್ಟು ಇಂಥ ತಳದ ಅಂಕಿಯನ್ನೇ ಬರೆದಿಟ್ಟುಕೊಳ್ಳಿ.

ಇನ್ನು ಮಾನಿಟರ್‌ನ ವಿಷಯ. ಅದರ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಪರದೆ ಹೊಸದಾಗುತ್ತದೆ ಎಂಬ ಅಂಕಿ (ಹರ್ಟ್ಜ್), ಎಷ್ಟೆಂದು ಆಪರೇಟಿಂಗ್ ಸಿಸ್ಟಮ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. 144 ಹರ್ಟ್ಜ್‌ನ ಮಾನಿಟರ್ ಕೊಂಡು, ಅದು 60ರಲ್ಲೇ ಓಡುತ್ತಿರುವುದನ್ನು ತಿಂಗಳುಗಟ್ಟಲೆ ಗಮನಿಸದವರೂ ಇದ್ದಾರೆ. ರಿಫ್ರೆಶ್ ರೇಟ್ ಸ್ಥಿರವಾಗಿರುವ ಮಾನಿಟರ್‌ನಲ್ಲಿ ವಿ-ಸಿಂಕ್ (ಪರದೆ ಹೊಸದಾಗುವ ಹೊತ್ತಿಗೇ ಫ್ರೇಮ್ ಬರುವಂತೆ ಹೊಂದಿಸುವ ಆಯ್ಕೆ) ಬಳಸುವವರು, ಆ ದರಕ್ಕೆ ಸಮನಾದ ಅಥವಾ ಅದನ್ನು ಶೇಷವಿಲ್ಲದೆ ಭಾಗಿಸುವ ಮಿತಿಯನ್ನು ಆರಿಸಬೇಕು: 144ಕ್ಕೆ 72, 120ಕ್ಕೆ 60 ಅಥವಾ 40, 60ಕ್ಕೆ 30. 60 ಹರ್ಟ್ಜ್ ಪರದೆಗೆ 45ರ ಮಿತಿ ಹಾಕಿದರೆ ಆಗುವುದಿಷ್ಟು: ಪ್ರತಿ ಮೂರು ಫ್ರೇಮ್‌ಗಳಲ್ಲಿ ಎರಡು ಒಂದೊಂದು ಬಾರಿ ಕಾಣಿಸಿಕೊಂಡು, ಇನ್ನೊಂದು ಎರಡು ಬಾರಿ ನಿಲ್ಲುತ್ತದೆ. 30ಕ್ಕಿಂತ 45 ದೊಡ್ಡದೇ ಆದರೂ ಕ್ಯಾಮೆರಾ ತಿರುಗಿಸಿದಾಗ ಚಿತ್ರ ಎಡವುತ್ತಾ ಸಾಗಿದಂತೆ ತೋರುವುದು ಆ ಏರುಪೇರಿನಿಂದ.

ಜಿ-ಸಿಂಕ್ ಅಥವಾ ಫ್ರೀಸಿಂಕ್‌ನಂತಹ, ಫ್ರೇಮ್ ಬಂದಾಗಲೇ ಪರದೆ ಹೊಸದಾಗುವ ವ್ಯವಸ್ಥೆ ನಿಮ್ಮ ಮಾನಿಟರ್‌ನಲ್ಲಿದ್ದರೆ ಈ ಭಾಗಾಕಾರದ ತಲೆನೋವಿಲ್ಲ. ಅಲ್ಲಿ ಪಾಲಿಸಬೇಕಾದದ್ದು ಒಂದೇ: ಮಿತಿಯನ್ನು ರಿಫ್ರೆಶ್ ರೇಟ್‌ಗಿಂತ ತುಸು ಕೆಳಗಿಡಬೇಕು. 144 ಹರ್ಟ್ಜ್‌ಗೆ 141 ಎಂಬುದು ಆಟಗಾರರ ನಡುವೆ ಚಾಲ್ತಿಯಲ್ಲಿರುವ ಲೆಕ್ಕ. ಆಟ 144ನ್ನು ಮುಟ್ಟಿದೊಡನೆ ಆ ವ್ಯವಸ್ಥೆಯ ವ್ಯಾಪ್ತಿ ಮುಗಿಯುತ್ತದೆ. ಆಗ ವಿ-ಸಿಂಕ್ ಆನ್ ಇದ್ದರೆ ಫ್ರೇಮ್‌ಗಳು ಸರದಿಯಲ್ಲಿ ಕಾದು ವಿಳಂಬ ಹೆಚ್ಚುತ್ತದೆ, ಆಫ್ ಇದ್ದರೆ ಚಿತ್ರ ಅಡ್ಡಲಾಗಿ ಸೀಳಿದಂತೆ ಕಾಣುತ್ತದೆ.

ಮಿತಿ ಹಾಕಲು ಮೂರು ಜಾಗಗಳಿವೆ: ಆಟದೊಳಗಿನ ಆಯ್ಕೆ, ಗ್ರಾಫಿಕ್ಸ್ ಡ್ರೈವರ್‌ನ ಆಯ್ಕೆ, ಮತ್ತು ರಿವಾಟ್ಯೂನರ್‌ನಂತಹ ಪ್ರತ್ಯೇಕ ತಂತ್ರಾಂಶ. ಮೊದಲು ಆಟದೊಳಗಿನದನ್ನೇ ಬಳಸಿ. ಆಟದ ಎಂಜಿನ್ ತಾನೇ ಕಾಯುವಾಗ ಸಾಮಾನ್ಯವಾಗಿ ಮೌಸ್ ಮತ್ತು ಕೀಬೋರ್ಡನ್ನು ಓದುವುದಕ್ಕೆ ಮುಂಚೆಯೇ ಕಾಯುತ್ತದೆ. ಹೊರಗಿನ ತಂತ್ರಾಂಶ ತಡೆಯುವಷ್ಟರಲ್ಲಿ ಆ ಓದು ಆಗಿಹೋಗಿರುತ್ತದೆ, ಆದ್ದರಿಂದ ನಿಮ್ಮ ಚಲನೆ ಪರದೆಗೆ ಬರುವಷ್ಟರಲ್ಲಿ ಕೊಂಚ ಹಳತಾಗಿರುತ್ತದೆ. ಆದರೆ ಕೆಲವು ಆಟಗಳ ಒಳಮಿತಿ ಒರಟಾಗಿದ್ದು, 60 ಎಂದು ಹೇಳಿದರೂ 58ಕ್ಕೂ 62ಕ್ಕೂ ನಡುವೆ ಓಲಾಡುತ್ತದೆ. ಅಂಥಲ್ಲಿ ಅಂತರವನ್ನು ಸಮನಾಗಿ ಕಾಯುವ ರಿವಾಟ್ಯೂನರ್ ಒಳ್ಳೆಯ ಆಯ್ಕೆ. ಎರಡು ಕಡೆ ಒಂದೇ ಅಂಕಿಯನ್ನು ಹಾಕಿ ಎರಡನ್ನೂ ಒಟ್ಟಿಗೆ ಓಡಿಸಲು ಮಾತ್ರ ಹೋಗಬೇಡಿ.

ಮಿತಿಯೇ ಬೇಡ ಎನ್ನುವ ಸ್ಪರ್ಧಾತ್ಮಕ ಆಟಗಾರರ ವಾದದಲ್ಲೂ ಹುರುಳಿದೆ. 144 ಹರ್ಟ್ಜ್ ಪರದೆಯಲ್ಲಿ 300 ಎಫ್‌ಪಿಎಸ್ ಓಡಿಸಿದರೆ, ಪರದೆ ಹೊಸದಾಗುವ ಹೊತ್ತಿಗೆ ಸಿಗುವ ಫ್ರೇಮ್ ಹೆಚ್ಚು ತಾಜಾ ಆಗಿರುತ್ತದೆ. ಚಿತ್ರ ಸೀಳುವುದನ್ನು ಅವರು ಅದಕ್ಕೆ ತೆರುವ ಬೆಲೆಯೆಂದು ಒಪ್ಪಿಕೊಂಡಿರುತ್ತಾರೆ. ಕೌಂಟರ್-ಸ್ಟ್ರೈಕ್ ಆಡುವವರು ಕನ್ಸೋಲ್‌ನಲ್ಲಿ (ಆಟದೊಳಗೆ ಆದೇಶ ಬರೆಯುವ ಕಿಟಕಿ) ‘ಎಫ್‌ಪಿಎಸ್ ಮ್ಯಾಕ್ಸ್’ ಆದೇಶಕ್ಕೆ 0, ಅಂದರೆ ಮಿತಿಯಿಲ್ಲ, ಎಂದು ಕೊಡುವುದು ಇದಕ್ಕಾಗಿಯೇ. ಆದರೆ ಇದು ಫಲಿಸುವುದು ಗ್ರಾಫಿಕ್ಸ್ ಕಾರ್ಡ್‌ಗೆ ಇನ್ನೂ ಉಸಿರಾಡಲು ಅವಕಾಶವಿದ್ದಾಗ. ಕಾರ್ಡ್ ಶೇ 99ರಷ್ಟು ದುಡಿಯುತ್ತಿದ್ದರೆ ಪ್ರೊಸೆಸರ್ ಸಿದ್ಧಪಡಿಸಿದ ಕೆಲಸ ಅದರ ಮುಂದೆ ಸಾಲುಗಟ್ಟಿ ನಿಲ್ಲುತ್ತದೆ, ಅಂಕಿ ದೊಡ್ಡದಾಗಿ ಕಂಡರೂ ಕ್ಲಿಕ್ ತಡವಾಗಿ ತಲುಪುತ್ತದೆ. ಅಂಥ ಯಂತ್ರದಲ್ಲಿ ಮಿತಿಯನ್ನು ಸ್ವಲ್ಪ ಇಳಿಸಿದರೆ ವಿಳಂಬವೂ ಇಳಿಯುತ್ತದೆ. ಎನ್ವಿಡಿಯಾದ ರಿಫ್ಲೆಕ್ಸ್ ಇರುವ ಆಟಗಳಲ್ಲಿ ಅದನ್ನು ಆನ್ ಮಾಡಿದರೆ ಈ ಸಾಲನ್ನು ಅದೇ ಮೊಟಕುಗೊಳಿಸುತ್ತದೆ.

ಆಟದ ಮಿತಿ ಏನೇ ಇರಲಿ, ಮೆನುವಿಗೂ ಹಿನ್ನೆಲೆಗೂ ಬೇರೆ ಮಿತಿ ಹಾಕಲೇಬೇಕು. ವ್ಯಾಲರಂಟ್‌ನಲ್ಲಿ ಮೆನು, ಹಿನ್ನೆಲೆ, ಬ್ಯಾಟರಿ ಇವಕ್ಕೆ ಪ್ರತ್ಯೇಕ ಆಯ್ಕೆಗಳಿವೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಮುನ್ನೆಲೆಗೊಂದು, ಹಿನ್ನೆಲೆಗೊಂದು. ಎದುರಾಳಿಗಳಿಗಾಗಿ ಕಾಯುವಾಗ ನಿಂತಲ್ಲೇ ನಿಂತ ಚಿತ್ರಕ್ಕೆ ಸೆಕೆಂಡಿಗೆ ನೂರಾರು ಫ್ರೇಮ್ ಸುರಿಯುವುದು ಬರೀ ಶಾಖ ಮತ್ತು ಫ್ಯಾನಿನ ಸದ್ದು. 2021ರ ಜುಲೈನಲ್ಲಿ ಅಮೆಜಾನ್‌ನ ನ್ಯೂ ವರ್ಲ್ಡ್ ಆಟದ ಬೀಟಾ ಆವೃತ್ತಿ ಆಡುವಾಗ ಕೆಲವು ಆರ್‌ಟಿಎಕ್ಸ್ 3090 ಕಾರ್ಡ್‌ಗಳು ಕೆಟ್ಟುಹೋದವು. ದೋಷ ಕಾರ್ಡ್‌ಗಳ ಬೆಸುಗೆಯಲ್ಲಿತ್ತೆಂದು ಕಾರ್ಡ್ ತಯಾರಕರೊಬ್ಬರು ಮುಂದೆ ಹೇಳಿದರಾದರೂ, ಅಮೆಜಾನ್ ಆಗಲೇ ಮೆನುವಿನ ಫ್ರೇಮ್ ರೇಟ್‌ಗೆ ಮಿತಿ ಹಾಕುವ ಪ್ಯಾಚ್ ಬಿಟ್ಟಿತ್ತು. ಮೆನುವಿಗೆ 60, ಹಿನ್ನೆಲೆಗೆ 30 ಧಾರಾಳವಾಗಿ ಸಾಕು.

ಕೆಲವು ಆಟಗಳಲ್ಲಿ ಫ್ರೇಮ್ ರೇಟ್ ಆಟದ ನಿಯಮದೊಳಗೇ ಹೆಣೆದುಕೊಂಡಿರುತ್ತದೆ. 1999ರ ಕ್ವೇಕ್ 3ರಲ್ಲಿ 125 ಎಫ್‌ಪಿಎಸ್‌ನಲ್ಲಿ ಆಡಿದರೆ ಪೂರ್ಣಾಂಕಕ್ಕೆ ತರುವ ಲೆಕ್ಕದಿಂದಾಗಿ ಜಿಗಿತ ಹೆಚ್ಚು ಎತ್ತರಕ್ಕೆ ಹೋಗುತ್ತಿತ್ತು, ಹಾಗಾಗಿ ಆಟಗಾರರು ಅದನ್ನೇ ಮಿತಿಯಾಗಿ ಹಾಕಿಕೊಳ್ಳುತ್ತಿದ್ದರು. ಫೈಟಿಂಗ್ ಆಟಗಳಲ್ಲಿ ಹೊಡೆತದ ವೇಗವನ್ನು ಫ್ರೇಮ್‌ಗಳಲ್ಲೇ ಎಣಿಸುವುದರಿಂದ ಅವು ಹೆಚ್ಚಾಗಿ 60ಕ್ಕೆ ಬಿಗಿಯಾಗಿರುತ್ತವೆ. ಅದನ್ನು ಸಡಿಲಿಸುವ ಮಾಡ್‌ಗಳನ್ನು (ಆಟವನ್ನು ಬದಲಿಸುವ ಹೊರಗಿನ ಫೈಲ್‌ಗಳನ್ನು) ಆನ್‌ಲೈನ್ ಪಂದ್ಯಕ್ಕೆ ತರದಿರುವುದೇ ಕ್ಷೇಮ.

ಮೊಬೈಲ್‌ನಲ್ಲಿ ಲೆಕ್ಕ ಬಿಸಿಯ ಮೇಲೆ ನಿಂತಿದೆ. ಮೊದಲ ಕೆಲವು ನಿಮಿಷ 90 ಕೊಡುವ ಫೋನ್, ಬಿಸಿಯಾದ ಮೇಲೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅರ್ಧ ಗಂಟೆ ಆಡಿದ ನಂತರ ಬರುವ ಅಂಕಿಯನ್ನು ನೋಡಿ ಮಿತಿ ನಿರ್ಧರಿಸಿ.

ಮಿತಿ ಹಾಕಿದ ಬಳಿಕ ಮೊದಲು ಅಳೆದ ಮ್ಯಾಪ್‌ನಲ್ಲೇ ಮತ್ತೊಮ್ಮೆ ಆಡಿ, ಫ್ರೇಮ್‌ಗಳ ನಡುವಿನ ಅಂತರವನ್ನು ಗೆರೆಯಾಗಿ ತೋರಿಸುವ ರಿವಾಟ್ಯೂನರ್‌ನ ಫ್ರೇಮ್ ಟೈಮ್ ಗ್ರಾಫನ್ನು ಗಮನಿಸಿ. ಗೆರೆ ಮಟ್ಟಸವಾಗಿದ್ದರೆ ಅಂಕಿಯನ್ನು ಐದೈದರಂತೆ ಏರಿಸುತ್ತಾ ಹೋಗಿ. ಹಲ್ಲುಗಳು ಮೂಡತೊಡಗಿದ ಕಡೆ ಒಂದು ಹೆಜ್ಜೆ ಹಿಂದೆ ಬನ್ನಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು 90ರಲ್ಲಿ ನಿಂತಿತು, ಫ್ಯಾನ್ ಕೂಡ ಆಮೇಲೆ ಎದುರಾಳಿಯ ಹೆಜ್ಜೆ ಸಪ್ಪಳ ಕೇಳುವಷ್ಟು ಸುಮ್ಮನಾಯಿತು.